ಚೋಮನಿಗೆ ಛಲ ಸಾಲಲಿಲ್ಲವೇ?

ಪ್ರಶ್ನೆ: ‘ಚೋಮನ ದುಡಿ’ಯ ಚೋಮನಿಗೆ ಛಲವೇ ಸಾಲದು ಅನಿಸಿತು. ಎತ್ತುಗಳಿದ್ದವು, ಬೇಸಾಯ ಮಾಡಬಹುದಿತ್ತು ಅಲ್ವಾ?
– ಓದುಗ, ದಾವಣಗೆರೆ

ಉತ್ತರ: ಎತ್ತು ಇದ್ದವು ಸರಿ, ನೆಲ ಎಲ್ಲಿತ್ತು ತಮ್ಮಾ? ಕಾರಂತರ ಈ ಕಾದಂಬರಿ ಬಂದಿದ್ದು 1933ರಲ್ಲಿ. ಅಸ್ಪೃಶ್ಯರು ಉಳುವಂತಿಲ್ಲ ಅನ್ನೋ ಕಟ್ಟಳೆ ಚೋಮನ ಊರಿನದು. ಧಣಿ ಸಂಕಪ್ಪಯ್ಯನಿಗೆ ನೆಲ ಕೊಡುವ ಮನಸ್ಸಿದೆ. ಅವನ ತಾಯಿ ಬಿಡುವುದಿಲ್ಲ. ನನ್ನನ್ನು ಚೋಮನಿಗಿಂತ ಜಾಸ್ತಿ ಕಾಡಿದ್ದು ಈ ಧಣಿಯೇ. ಒಳ್ಳೆಯವನು, ಆದರೆ ಅಮ್ಮನ ಮಾತು ಮೀರಲಾರ. ಇಂಥವರು ನಮ್ಮ ಓಣಿಯಲ್ಲೂ ಇದ್ದಾರೆ ಬಿಡಿ. ಚೋಮ ಸುಮ್ನೆ ಹೆಂಡ ಕುಡಿದು ದುಡಿ ಬಡಿಯಲಿಲ್ಲ.

ನಮ್ಮಪ್ಪನಿಗೂ ಹೊಲ ಇರಲಿಲ್ಲ. ಆದರೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಪಾಳಿ ಕೆಲಸ ಸಿಕ್ಕಿತು, ನಾವು ಶಾಲೆಗೆ ಹೋದೆವು. ಚೋಮನ ಮಕ್ಕಳು ಹೋಗಿದ್ದು ಸಾಲ ತೀರಿಸಲು, ಕಾಫಿ ತೋಟಕ್ಕೆ. ತಾಯಿ-ಮಗನ ಆ ಭಾಗ ಇನ್ನೊಮ್ಮೆ ಓದಿ.