ಕೇಳಿದ ದನಿಗೆ ಬರೆದ ಆಕರ ಎಲ್ಲಿದೆ?

ಮಾನ್ಯರೇ,

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಬಾರಿ ಓದಿದೆ. ನೀವು ಚಿಕ್ಕಂದಿನಿಂದ ಕೇಳುತ್ತ ಬಂದ, ಈಗ ನಿವೃತ್ತರಾಗಿರುವ ಬಾನುಲಿ ವಾರ್ತಾವಾಚಕರೊಬ್ಬರ ಬಗ್ಗೆ ವಿಕಿಪೀಡಿಯದಲ್ಲಿ ಎರಡೇ ಸಾಲು ಇದ್ದುದನ್ನು ಕಂಡು ಬೇಸರಪಟ್ಟು, ಅವರ ಹುಟ್ಟಿದ ದಿನ, ಮನೆತನ, ಕೆಲಸಕ್ಕೆ ಸೇರಿದ ಬಗೆ, ಓದುವ ಶೈಲಿ ಎಲ್ಲವನ್ನೂ ಐದು ಪ್ಯಾರಾಗಳಲ್ಲಿ ಬರೆದು ಸೇರಿಸಿದಿರಿ. ಮರುದಿನವೇ ಯಾರೋ ಅದನ್ನೆಲ್ಲ ತೆಗೆದು 'ಆಕರವಿಲ್ಲ' ಎಂದು ಒಂದು ಮಾತು ಬರೆದಿಟ್ಟರು. ನೀವು ಮತ್ತೆ ಹಾಕಿದಿರಿ, ಅವರು ಮತ್ತೆ ತೆಗೆದರು. 'ಮೂವತ್ತು ವರ್ಷ ಕಿವಿಯಾರೆ ಕೇಳಿದ್ದೇನೆ, ಇದಕ್ಕಿಂತ ಬೇರೆ ಆಕರ ಬೇಕೇ? ಸಂಪಾದಕರಾದ ನೀವು ಯಾರ ಪರ?' ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಬರಹವನ್ನು ತೆಗೆದದ್ದು ಸರಿ ಎಂದೇ ನಾನು ಹೇಳಬೇಕಾಗಿದೆ. ಆದರೆ ಹೊಸಬರೊಬ್ಬರು ಇಷ್ಟು ಶ್ರಮಪಟ್ಟು ಬರೆದಾಗ ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾದದ್ದು ಸರಿಯಲ್ಲ. ಅವರು ವಿವರಿಸದೆ ಬಿಟ್ಟದ್ದನ್ನು ನಾನು ವಿವರಿಸಲು ಯತ್ನಿಸುತ್ತೇನೆ. ಅದಕ್ಕೆ ಮೊದಲು ಒಂದು ಸಮಾಧಾನದ ಮಾತು: ನೀವು ಬರೆದದ್ದು ಎಲ್ಲಿಯೂ ಹೋಗಿಲ್ಲ. ಪುಟದ ಮೇಲ್ಭಾಗದಲ್ಲಿರುವ 'ಇತಿಹಾಸ'ವನ್ನು ತೆರೆದರೆ ಆ ಲೇಖನದ ಪ್ರತಿಯೊಂದು ಆವೃತ್ತಿಯೂ ದಿನಾಂಕ, ವೇಳೆಯ ಸಹಿತ ಸಿಗುತ್ತದೆ. ನಿಮ್ಮ ಐದು ಪ್ಯಾರಾಗಳೂ ಅಲ್ಲಿವೆ.

ಇನ್ನು ಆಕರದ ಮಾತು. ನೀವು ಹೇಳುವುದು ಸುಳ್ಳೆಂದು ಯಾರೂ ಅಂದಿಲ್ಲ. ಆದರೆ ವಿಶ್ವಕೋಶವನ್ನು ಓದುವವರಿಗೆ ನೀವು ಯಾರೆಂದು ತಿಳಿಯದು, ತಿಳಿಯುವ ದಾರಿಯೂ ಇಲ್ಲ. ನಿಮ್ಮಂತೆ ಪ್ರೀತಿಯಿಂದ ಬರೆಯುವವರಿಗೂ ಹಗೆಯಿಂದ ಬರೆಯುವವರಿಗೂ ಅಲ್ಲಿ ಒಂದೇ ಬಾಗಿಲು. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಬಗ್ಗೆ, ಅವರಿಗೂ ಕೆನೆಡಿ ಸಹೋದರರ ಕೊಲೆಗೂ ನಂಟಿತ್ತೆಂಬ ಶಂಕೆ ಇತ್ತು ಎಂಬ ಅಪ್ಪಟ ಸುಳ್ಳನ್ನು ಯಾರೋ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆದರು. ಅದು ಸುಮಾರು ನಾಲ್ಕು ತಿಂಗಳು ಹಾಗೆಯೇ ಉಳಿದಿತ್ತು. ಸೀಗೆಂತಾಲರ್ ಒಂದು ಕಾಲಕ್ಕೆ ರಾಬರ್ಟ್ ಕೆನೆಡಿ ಅವರ ಸಹಾಯಕರಾಗಿದ್ದವರು. ಅಂಥವರ ಮೇಲೆಯೇ ಈ ಮಸಿ! ಬದುಕಿರುವವರ ಜೀವನಚರಿತ್ರೆಗೆ ಅಲ್ಲಿ ಪ್ರತ್ಯೇಕವಾಗಿ ಬಿಗಿಯಾದ ನಿಯಮಗಳು ಬಂದದ್ದು ಈ ಪ್ರಕರಣದ ನಂತರ. ನಿಮ್ಮ ವಾರ್ತಾವಾಚಕರೂ ಬದುಕಿರುವವರೇ. ಆ ಕಾರಣಕ್ಕೇ ಅವರ ಹೆಸರನ್ನು ನಾನೂ ಇಲ್ಲಿ ಅಚ್ಚುಮಾಡುತ್ತಿಲ್ಲ. ನಿಮ್ಮ ಹೊಗಳಿಕೆಯನ್ನು ತಡೆದ ನಿಯಮವೇ ನಾಳೆ ಇನ್ನೊಬ್ಬರು ಅವರ ಮೇಲೆ ಹೊರಿಸಬಹುದಾದ ಅಪವಾದವನ್ನೂ ತಡೆಯುತ್ತದೆ.

ಆದರೂ ನಿಮ್ಮ ಪತ್ರದಲ್ಲಿರುವ ನೋವು ನನಗೆ ಅರ್ಥವಾಗುತ್ತದೆ, ಏಕೆಂದರೆ ವಾರ್ತಾವಾಚಕರ ವಿಷಯದಲ್ಲಿ ಈ ನಿಯಮ ಉಳಿದವರಿಗಿಂತ ಹೆಚ್ಚು ಕಠಿಣವಾಗಿ ಬಂದು ತಾಗುತ್ತದೆ. ಸಾಹಿತಿಯ ಹಿಂದೆ ಪುಸ್ತಕಗಳಿರುತ್ತವೆ, ನಟರ ಹಿಂದೆ ಚಿತ್ರಗಳಿರುತ್ತವೆ, ಆಟಗಾರರ ಹಿಂದೆ ಅಂಕಿ ಅಂಶಗಳಿರುತ್ತವೆ. ಲಕ್ಷಾಂತರ ಮನೆಗಳಲ್ಲಿ ದಿನವೂ ದನಿಗೂಡಿದವರ ಹಿಂದೆ ಕಾಗದದ ಗುರುತೇ ಇಲ್ಲದಿರುವುದು ಸಾಧ್ಯ. ಅದಕ್ಕೆ ಆ ವೃತ್ತಿಯ ಧರ್ಮವೂ ಕಾರಣ: ಸುದ್ದಿ ಮುಂದೆ ನಿಲ್ಲಬೇಕು, ಓದುವವರು ಹಿಂದೆ ಸರಿಯಬೇಕು. ಬಿಬಿಸಿಯಲ್ಲಿ 1940ರವರೆಗೂ ಸುದ್ದಿ ಓದುವವರು ತಮ್ಮ ಹೆಸರನ್ನು ಹೇಳುವ ಪದ್ಧತಿಯೇ ಇರಲಿಲ್ಲ. ಯುದ್ಧಕಾಲದಲ್ಲಿ ಶತ್ರುಗಳು ಸುಳ್ಳು ಪ್ರಸಾರ ಮಾಡಿದರೆ ಕೇಳುಗರು ದನಿಯಿಂದಲೇ ಗುರುತು ಹಿಡಿಯಲೆಂದು ಹೆಸರು ಹೇಳತೊಡಗಿದರು, ಆಲ್ವಾರ್ ಲಿಡೆಲ್ ಅವರ ಹೆಸರು ಮನೆಮಾತಾದದ್ದು ಹಾಗೆ. ನಮ್ಮ ಆಕಾಶವಾಣಿಯ 'ವಾರ್ತೆಗಳು, ಓದುತ್ತಿರುವವರು' ಎಂಬ ಮಾತಿನ ಹಿಂದೆಯೇ ಹೆಸರು ಬರುತ್ತಿತ್ತು ನಿಜ, ಆದರೆ ಅದು ಕಿವಿಗೆ ಬೀಳುವ ಹೆಸರು. ಇನಿಷಿಯಲ್ 'ಎಂ' ಎಂದರೋ 'ಎನ್' ಎಂದರೋ ಎಂಬ ಬಗ್ಗೆ ನೀವೂ ನಿಮ್ಮ ಅಣ್ಣನವರೂ ಇಂದಿಗೂ ಒಮ್ಮತಕ್ಕೆ ಬಂದಿಲ್ಲವೆಂದು ನೀವೇ ಬರೆದಿದ್ದೀರಿ. 1948ರಲ್ಲಿ ಗಾಂಧೀಜಿಯವರ ಅಂತಿಮ ಯಾತ್ರೆಯನ್ನು ಸುಮಾರು ಏಳು ಗಂಟೆಗಳ ಕಾಲ ಬಣ್ಣಿಸಿದ ಮೆಲ್ವಿಲ್ ಡಿ ಮೆಲ್ಲೊ ಅವರಂಥವರ ಬಗ್ಗೆ ಬೇಕಾದಷ್ಟು ಬರವಣಿಗೆ ಇದೆ. ದಿನನಿತ್ಯದ ಹತ್ತು ನಿಮಿಷಗಳನ್ನು ತಪ್ಪಿಲ್ಲದೆ ಓದಿ ಎದ್ದುಹೋದವರ ಬಗ್ಗೆ ಬರೆಯಬೇಕೆಂದು ನಮ್ಮಂಥ ಪತ್ರಿಕೆಗಳಿಗೆ ಹೊಳೆಯಲಿಲ್ಲ. ಈ ಲೋಪದಲ್ಲಿ ನಮ್ಮ ಪಾಲೂ ಇದೆ.

ಕಿವಿಯ ಸಾಕ್ಷ್ಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದೊಡ್ಡ ನಾಯಕರೊಬ್ಬರ ಸಾವಿನ ಸುದ್ದಿಯನ್ನು ಮೊದಲು ಓದಿದ್ದು ಅವರೇ ಎಂದು ನೀವು ಬರೆದಿದ್ದೀರಿ. ಇರಬಹುದು. ಆದರೆ ನಾವು ಮೆಚ್ಚಿದ ದನಿಗೆ ದೊಡ್ಡ ಸುದ್ದಿಗಳನ್ನೆಲ್ಲ ತಂದು ಅಂಟಿಸುವುದು ನೆನಪಿನ ಸ್ವಭಾವ. ಸೋವಿಯತ್ ರೇಡಿಯೊದ ಯೂರಿ ಲೆವಿತಾನ್ ಅವರನ್ನು ನೋಡಿ. ಯುದ್ಧಕಾಲದ ಅವರ ಪ್ರಸಾರಗಳೆಂದು ಇಂದು ಕೇಳಸಿಗುವ ದನಿಮುದ್ರಿಕೆಗಳಲ್ಲಿ ಹಲವು, ಯುದ್ಧ ಮುಗಿದು ವರ್ಷಗಳು ಕಳೆದ ಮೇಲೆ ಅವರಿಂದಲೇ ಮತ್ತೆ ಓದಿಸಿ ಮುದ್ರಿಸಿಕೊಂಡವು. ದನಿ ಅವರದೇ, ಮಾತೂ ಅದೇ, ದಿನ ಮಾತ್ರ ಬೇರೆ. ಮುದ್ರಿಕೆಯ ವಿಷಯದಲ್ಲೇ ಹೀಗಾದರೆ ನೆನಪಿನ ವಿಷಯ ಹೇಗಿದ್ದೀತು?

ನಿಮ್ಮ ಬರಹದ ಒಂದು ವಾಕ್ಯವನ್ನು ಎತ್ತಿಕೊಳ್ಳೋಣ. 'ಅವರ ಕಂಚಿನ ಕಂಠಕ್ಕೆ ತಲೆದೂಗದ ಕೇಳುಗರೇ ಇರಲಿಲ್ಲ' ಎಂದು ನೀವು ಬರೆದಿದ್ದೀರಿ. ನಮ್ಮ ಪತ್ರಿಕೆಗೆ ಕಳಿಸಿದ್ದರೆ ಸಂತೋಷದಿಂದ ಅಚ್ಚುಮಾಡುತ್ತಿದ್ದೆ. ವಿಶ್ವಕೋಶದಲ್ಲಿ ಅದು ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ತಲೆದೂಗಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಇಂಥ ಪತ್ರಿಕೆಯ ಇಂಥ ದಿನದ ಸಂಚಿಕೆಯಲ್ಲಿ ಇಂಥ ವಿಮರ್ಶಕರು ಅವರ ಉಚ್ಚಾರಣೆಯನ್ನು ಮೆಚ್ಚಿ ಬರೆದಿದ್ದಾರೆ ಎಂದರೆ ಅದೇ ಹೊಗಳಿಕೆ ನಿಲ್ಲುತ್ತದೆ, ಏಕೆಂದರೆ ಆಗ ಹೊಗಳುತ್ತಿರುವವರು ವಿಮರ್ಶಕರು, ವಿಶ್ವಕೋಶ ಅದನ್ನು ವರದಿ ಮಾಡುತ್ತಿದೆ ಅಷ್ಟೆ. ಹುಟ್ಟಿದ ದಿನದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅವರ ಮನೆಯವರೇ ನಿಮಗೆ ಹೇಳಿರಬಹುದು. ಆದರೂ ಈಗಾಗಲೇ ಎಲ್ಲಿಯೂ ಪ್ರಕಟವಾಗದ ಪೂರ್ಣ ಜನ್ಮದಿನಾಂಕವನ್ನು ಬದುಕಿರುವವರ ಲೇಖನದಲ್ಲಿ ಹಾಕುವುದು ಅವರ ಖಾಸಗಿತನದ ದೃಷ್ಟಿಯಿಂದಲೂ ತರವಲ್ಲ. ಮಕ್ಕಳ ಹೆಸರು, ಅವರಿರುವ ಊರು ಇವನ್ನಂತೂ ದಯವಿಟ್ಟು ಮತ್ತೆ ಸೇರಿಸಬೇಡಿ.

ಅಚ್ಚಾದದ್ದೆಲ್ಲ ಸತ್ಯವೇ ಎಂದು ನೀವು ಕೇಳುವಿರಿ ಎಂದು ಬಲ್ಲೆ. ಅಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯಲ್ಲೇ ಕಲಾವಿದರೊಬ್ಬರ ಹುಟ್ಟಿದ ವರ್ಷ ತಪ್ಪಾಗಿ ಅಚ್ಚಾಯಿತು. ಮುಂದಿನ ಸಂಚಿಕೆಯ ಮೂಲೆಯಲ್ಲಿ ತಿದ್ದುಪಡಿ ಹಾಕಿದೆವು, ಅದು ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ತಪ್ಪು ವರ್ಷ ನಮ್ಮದೇ ಹೆಸರಿನ ಉಲ್ಲೇಖದೊಡನೆ ವಿಶ್ವಕೋಶಕ್ಕೆ ಸೇರಿತು, ಅಲ್ಲಿಂದ ಬೇರೆಯವರ ಲೇಖನಗಳಿಗೆ ಹೋಯಿತು, ಆ ಲೇಖನಗಳೇ ಮತ್ತೆ ಅದಕ್ಕೆ ಆಧಾರವಾದವು. ತಿದ್ದುಪಡಿಯ ಪುಟವನ್ನು ತೋರಿಸಿ ಅದನ್ನು ಸರಿಪಡಿಸಲು ನಮಗೆ ತಿಂಗಳುಗಳೇ ಹಿಡಿದವು. ಆದರೂ ಸರಿಪಡಿಸಲು ಸಾಧ್ಯವಾದದ್ದು ಉಲ್ಲೇಖ ಇದ್ದುದರಿಂದ. ತಪ್ಪು ಎಲ್ಲಿಂದ ಹೊರಟಿತೆಂದು ಜಾಡು ಹಿಡಿದು ಹೋಗಲು ಒಂದು ಪುಟಸಂಖ್ಯೆ ಇತ್ತು.

ಈಗ ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ. ಮತ್ತೆ ಮತ್ತೆ ಹಾಕುವುದನ್ನು ನಿಲ್ಲಿಸಿ. ಒಂದೇ ಲೇಖನದಲ್ಲಿ ಹೀಗೆ ಹಗ್ಗಜಗ್ಗಾಟ ನಡೆಸಿದರೆ ಸಂಪಾದಿಸುವ ಅವಕಾಶವನ್ನೇ ತಡೆಹಿಡಿಯಬಹುದು. ಲೇಖನದ 'ಚರ್ಚೆ' ಪುಟದಲ್ಲಿ ನಿಮ್ಮ ಮಾತನ್ನು ಇಡಿ. ಆ ಕುಟುಂಬದ ಜೊತೆ ನಿಮಗೆ ಒಡನಾಟ ಇದೆಯೆಂಬುದನ್ನೂ ಅಲ್ಲೇ ತಿಳಿಸಿ, ಮುಚ್ಚಿಡುವುದಕ್ಕಿಂತ ಹೇಳಿಬಿಟ್ಟರೆ ಗೌರವ ಹೆಚ್ಚು. ಅಲ್ಲಿ ಉತ್ತರ ಬಾರದಿದ್ದರೆ ಕನ್ನಡ ವಿಕಿಪೀಡಿಯದವರು 'ಅರಳಿ ಕಟ್ಟೆ' ಎಂದು ಕರೆಯುವ ಸಾಮಾನ್ಯ ಚರ್ಚೆಯ ಪುಟದಲ್ಲಿ ಕೇಳಬಹುದು. ಫೋಟೊ ಹಾಕುವುದಾದರೆ, ಚಿತ್ರದಲ್ಲಿರುವವರ ಒಪ್ಪಿಗೆ ಸಾಲದು, ಅದನ್ನು ತೆಗೆದವರು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಡಬೇಕು.

ನಿಮ್ಮ ನೆನಪುಗಳ ಬರಹವನ್ನು ನಮಗೆ ಕಳಿಸಿ. ಅವರು ಒಪ್ಪುವುದಾದರೆ ನಮ್ಮವರೊಬ್ಬರು ಅವರನ್ನು ಕಂಡು ಸಂದರ್ಶನವನ್ನೂ ಮಾಡುತ್ತಾರೆ. ಕೆಲಸಕ್ಕೆ ಸೇರಿದ ವರ್ಷ, ಓದಿದ ಕೇಂದ್ರಗಳು, ಇನಿಷಿಯಲ್ ಸಮೇತ ಹೆಸರಿನ ಕಾಗುಣಿತ ಇವನ್ನು ದಾಖಲೆಗಳೊಡನೆ ತಾಳೆ ನೋಡಿಯೇ ಅಚ್ಚುಮಾಡುತ್ತೇವೆ. ಅದನ್ನು ಆಕರವೆಂದು ಒಪ್ಪುವುದು ಬಿಡುವುದು ಅಲ್ಲಿನ ಸಂಪಾದಕರಿಗೆ ಬಿಟ್ಟದ್ದು.

ಕೊನೆಯದಾಗಿ, ನೀವು ಪತ್ರದ ಜೊತೆ ಇಟ್ಟಿರುವ ದಿನಪತ್ರಿಕೆಯ ತುಣುಕಿನ ನೆರಳಚ್ಚಿನ ವಿಷಯ. ಅವರ ಬೀಳ್ಕೊಡುಗೆಯ ವರದಿ ಅದು, ನಿಮ್ಮಲ್ಲಿರುವ ಅತಿ ಬೆಲೆಯುಳ್ಳ ವಸ್ತುವೂ ಅದೇ. ಆದರೆ ಕತ್ತರಿಸುವಾಗ ಪತ್ರಿಕೆಯ ಹೆಸರೂ ದಿನಾಂಕವೂ ಹೊರಗೆ ಹೋಗಿವೆ. ಮೂಲ ತುಣುಕನ್ನು ಒಮ್ಮೆ ಮಗುಚಿ ನೋಡಿ. ಹಿಂಬದಿಯಲ್ಲಿ ಅರ್ಧ ಜಾಹೀರಾತೋ, ಪಂದ್ಯದ ಸುದ್ದಿಯೋ, ಚಿತ್ರಮಂದಿರದ ಪಟ್ಟಿಯೋ ಇದ್ದರೆ ಅದರಿಂದ ವಾರವನ್ನಾದರೂ ಗುರುತಿಸಬಹುದು. ವಾರ ಸಿಕ್ಕಿದರೆ ಗ್ರಂಥಾಲಯದ ಹಳೆಯ ಕಟ್ಟುಗಳಲ್ಲಿ ಪುಟವನ್ನು ಹುಡುಕುವುದು ನಮ್ಮ ಕೆಲಸ. ಆ ಹಿಂಬದಿಯ ನೆರಳಚ್ಚನ್ನೂ ಕಳಿಸಿಕೊಡಿ.

ಸಂಪಾದಕ