ನಾಣ್ಯದ ದರ, ದೇಶದ ಮಾನ

ಪ್ರಶ್ನೆ: ವಿದೇಶಿ ಬಂಡವಾಳವನ್ನು ಬೈಯುತ್ತ ಸ್ವಾತಂತ್ರ್ಯ ಗಳಿಸಿದ ದೇಶಗಳೇ ಆಮೇಲೆ ಅದಕ್ಕೆ ಬಾಗಿಲು ತೆರೆದವು. ಇದು ರಾಷ್ಟ್ರೀಯತೆಗೆ ಬಗೆದ ದ್ರೋಹವಲ್ಲವೆ?

ಉತ್ತರ: ರಾಷ್ಟ್ರೀಯತೆಗೆ ತನ್ನದೇ ಆದ ಅರ್ಥಶಾಸ್ತ್ರ ಇಲ್ಲ. ಲಾಭ ನಮ್ಮವರಿಗೆ ಸಿಗಬೇಕು ಅನ್ನುತ್ತದೆ, ಅಷ್ಟೆ. ‘ನಮ್ಮವರು’ ಯಾರು ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಭಾರತದ ಆರ್ಥಿಕ ಅಭಿವೃದ್ಧಿಗೆಂದು ಹೊರಟ 1944ರ ಬಾಂಬೆ ಯೋಜನೆಯನ್ನು ರೂಪಿಸಿದವರಲ್ಲಿ ಟಾಟಾ, ಬಿರ್ಲಾರಂಥ ಉದ್ಯಮಿಗಳಿದ್ದರು. ಸರ್ಕಾರವೇ ಮುಂದೆ ನಿಂತು ಬಂಡವಾಳ ಹೂಡಲಿ, ದೇಶೀ ಕೈಗಾರಿಕೆಗೆ ರಕ್ಷಣೆ ಸಿಗಲಿ ಎಂದವರು ಅವರೇ. ಮುಕ್ತ ಬಂದರಾಗಿ ಬೆಳೆದ ಸಿಂಗಪುರ 1974ರಲ್ಲಿ ಟೆಮಾಸೆಕ್ ಎಂಬ ಸರ್ಕಾರಿ ಹೂಡಿಕೆ ಕಂಪನಿ ಕಟ್ಟಿಕೊಂಡಿತು. ಬೋಟ್ಸ್ವಾನಾ ವಜ್ರದ ಗಣಿಗಳನ್ನು ಪೂರ್ತಿ ಕಿತ್ತುಕೊಳ್ಳಲಿಲ್ಲ, ವಜ್ರದ ಕಂಪನಿ ಡಿ ಬಿಯರ್ಸ್ ಜೊತೆ ಚೌಕಾಸಿ ಮಾಡಿ ಅರ್ಧ ಪಾಲು ಪಡೆಯಿತು. ದ್ರೋಹ ಎಂಬ ಮಾತು ಭಾಷಣಕ್ಕೆ ಒಪ್ಪುತ್ತದೆ, ಲೆಕ್ಕಕ್ಕೆ ಒದಗುವುದಿಲ್ಲ.

ಪ್ರಶ್ನೆ: ನಾಣ್ಯದ ಅಪಮೌಲ್ಯ, ಅಂದರೆ ಡಾಲರಿನೆದುರು ಅದರ ದರ ಇಳಿಸುವುದು, ದೇಶದ ಮಾನ ಹೋದಂತೆ ಎನ್ನುತ್ತಾರೆ. ದರವನ್ನು ಬಿಗಿಯಾಗಿ ಹಿಡಿದಿಟ್ಟರೆ ತಪ್ಪೇನು?

ಉತ್ತರ: ಘಾನಾದ ಲೆಕ್ಕ ನೋಡಿ. ಅಲ್ಲಿನ ಕೋಕೋ ಬೆಳೆಗಾರ ಫಸಲನ್ನು ಸರ್ಕಾರಿ ಮಾರಾಟ ಮಂಡಳಿಗೇ ಹಾಕಬೇಕಿತ್ತು. 1978ರಿಂದ 1983ರವರೆಗೆ ಅಧಿಕೃತ ದರ ಡಾಲರಿಗೆ 2.75 ಸೆಡಿ (ಘಾನಾದ ನಾಣ್ಯ). ಒಂದು ಟನ್ನಿಗೆ 1,000 ಡಾಲರ್ ಬಂತು ಎಂದಿಟ್ಟುಕೊಳ್ಳಿ: ಮಂಡಳಿಗೆ ದಕ್ಕುವುದು 2,750 ಸೆಡಿ, ಅದರಲ್ಲಿ ಖರ್ಚು, ಸುಂಕ ಮುರಿದುಕೊಂಡು ಮಿಕ್ಕಿದ್ದು ರೈತನಿಗೆ. ಕಾಳಸಂತೆಯಲ್ಲಿ ಡಾಲರಿಗೆ ಹತ್ತು ಪಟ್ಟು ದರವಿದ್ದರೆ ಅದೇ ಸರಕಿಗೆ 27,500 ಸೆಡಿ. ಹೀಗಾಗಿ ಮೂಟೆಗಳು ಗಡಿ ದಾಟಿ ನೆರೆಯ ಐವರಿ ಕೋಸ್ಟ್ ಸೇರಿದವು. ಮುದಿ ಮರ ತೆಗೆದು ಹೊಸ ಸಸಿ ಇಡುವ ಗೋಜಿಗೆ ಎಷ್ಟೋ ರೈತರು ಹೋಗಲಿಲ್ಲ. 1960ರ ದಶಕದ ನಡುವೆ ಐದೂವರೆ ಲಕ್ಷ ಟನ್ ಮುಟ್ಟಿದ್ದ ಉತ್ಪಾದನೆ 1983-84ರಲ್ಲಿ ಸುಮಾರು 1.6 ಲಕ್ಷ ಟನ್ನಿಗೆ ಇಳಿಯಿತು. (ಬರ, ಕಾಳ್ಗಿಚ್ಚುಗಳ ಪಾಲೂ ಇದರಲ್ಲಿದೆ, ಎಲ್ಲವನ್ನೂ ದರದ ತಲೆಗೆ ಕಟ್ಟುವುದು ಬೇಡ.)

ಡಾಲರ್ ಒಳಬರುವುದು ಕಡಿಮೆಯಾದರೆ ಆಮದಿಗೆ ಪರವಾನಗಿ ಬೇಕಾಗುತ್ತದೆ. ಆಗ ಸರಕಿಗಿಂತ ಆ ಕಾಗದಕ್ಕೇ ಬೆಲೆ. ಬಿಡಿಭಾಗ ಸಿಗದೆ ಕಾರ್ಖಾನೆ ನಿಲ್ಲುತ್ತದೆ, ಪರವಾನಗಿ ಗಿಟ್ಟಿಸಿದವನು ಮಾತ್ರ ಕೊಬ್ಬುತ್ತಾನೆ. ಅವನ ಜೇಬಿಗೆ ಹೋದದ್ದು ಕೋಕೋ ರೈತನ ದುಡ್ಡು.

ಇದು ಗೊತ್ತಿದ್ದೂ ಆಳುವವರು ಕೈ ಹಾಕಲಿಲ್ಲ, ಅದಕ್ಕೂ ಕಾರಣವಿದೆ. 1971ರ ಡಿಸೆಂಬರ್ ಕೊನೆಯಲ್ಲಿ ಪ್ರಧಾನಿ ಬೂಸಿಯಾ ಸರ್ಕಾರ ಸೆಡಿಯನ್ನು ಅಪಮೌಲ್ಯಗೊಳಿಸಿತು. 1972ರ ಜನವರಿ 13ರಂದು ಸೇನೆ ಆ ಸರ್ಕಾರವನ್ನೇ ಉರುಳಿಸಿತು. 1983ರಿಂದ ದರ ಸಡಿಲಿಸುವ ಕೆಲಸ ಕೊನೆಗೆ ಬಿದ್ದದ್ದು ರಾಲಿಂಗ್ಸ್ ಹೆಗಲಿಗೆ, ಕ್ರಾಂತಿಯ ಮಾತಾಡುತ್ತ ಅಧಿಕಾರ ಹಿಡಿದ ಸೈನ್ಯಾಧಿಕಾರಿ. 1986ರ ಆರಂಭಕ್ಕೆ ಡಾಲರಿಗೆ 90 ಸೆಡಿ ಆಗಿತ್ತು.

ಪ್ರಶ್ನೆ: ಹಾಗಾದರೆ ಮಾರುಕಟ್ಟೆಯನ್ನು ತೆರೆಯುವ ಕ್ರಮ ಯಾವುದು?

ಉತ್ತರ: ಮೊದಲು ವಿನಿಮಯ ದರ. ಆಮೇಲೆ ಆಮದು ಕೋಟಾಗಳನ್ನು ತೆಗೆದು ಆ ಜಾಗದಲ್ಲಿ ಸುಂಕ ಹಾಕಬೇಕು, ಸುಂಕವನ್ನು ಹಲವು ವರ್ಷಗಳಲ್ಲಿ ಇಳಿಸಬೇಕು. ಇವತ್ತು ಬಂದು ನಾಳೆ ಹೋಗುವ ವಿದೇಶಿ ಹಣಕ್ಕೆ ಬಾಗಿಲು ಕಟ್ಟಕಡೆಗೆ. ಭಾರತ 1991ರ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಇಳಿಸಿತು, ಜುಲೈ 24ರಂದು ಬಹುಪಾಲು ಕೈಗಾರಿಕಾ ಪರವಾನಗಿಗಳನ್ನು ಕೈಬಿಟ್ಟಿತು. ಬಂಡವಾಳದ ಓಡಾಟವನ್ನು ಮಾತ್ರ ಪೂರ್ತಿ ಬಿಡಲಿಲ್ಲ. ಈ ಎಚ್ಚರ ಮಲೇಷ್ಯಾಕ್ಕೆ ತಡವಾಗಿ ಬಂತು: 1998ರ ಸೆಪ್ಟೆಂಬರಿನಲ್ಲಿ ಹಣ ಹೊರಹೋಗುವುದಕ್ಕೆ ತಡೆ ಹಾಕಿ, ಡಾಲರಿಗೆ 3.80 ರಿಂಗಿಟ್ ಎಂದು ಗೂಟ ಹೊಡೆಯಿತು.

ಸಬ್ಸಿಡಿ ಕಡಿಯುವುದರಿಂದ ಶುರುಮಾಡಿದರೆ ಕೆಡುತ್ತದೆ. 1977ರ ಜನವರಿಯಲ್ಲಿ ಈಜಿಪ್ಟಿನ ಸಾದಾತ್ ಸರ್ಕಾರ ಆಹಾರದ ಸಬ್ಸಿಡಿ ಕಡಿದದ್ದೇ ಜನ ಬೀದಿಗಿಳಿದರು, ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಪ್ರಶ್ನೆ: ದೇಶೀ ಉದ್ಯಮಕ್ಕೆ ರಕ್ಷಣೆಯೇ ತಪ್ಪೆ?

ಉತ್ತರ: ತಪ್ಪಲ್ಲ. ರಕ್ಷಣೆಗೆ ಗಡುವು ಇದೆಯೆ, ಸೋತವನಿಗೆ ದಂಡ ಇದೆಯೆ ಎಂದು ನೋಡಿ. ಜಪಾನಿನ ವಸಾಹತಾಗಿದ್ದ ದಕ್ಷಿಣ ಕೊರಿಯಾ 1960, 70ರ ದಶಕಗಳಲ್ಲಿ ಅಗ್ಗದ ಸಾಲವನ್ನು ರಫ್ತಿನ ಗುರಿಗೆ ಗಂಟು ಹಾಕಿತು. ಭಾರತದ ಕಾರು ತಯಾರಕರಿಗೆ ಅಂಥ ಗುರಿ ಇರಲಿಲ್ಲ. ಗಿರಾಕಿ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ.