1804ರ ತಾಮ್ರದ ಸೆಂಟ್: ಅಚ್ಚು ಟಂಕಸಾಲೆಯದು, ಒತ್ತಿದವರು ಹೊರಗಿನವರು

ಪ್ರಶ್ನೆ: ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನಾಣ್ಯ ಮೇಳದಲ್ಲಿ 1804ರ ತಾಮ್ರದ ದೊಡ್ಡ ಸೆಂಟ್ ಒಂದನ್ನು ಕೊಂಡೆ. ಚೀಟಿಯಲ್ಲಿ ‘ರೀಸ್ಟ್ರೈಕ್’ ಅಂತ ಬರೆದಿದೆ. ಇದು ನಕಲಿಯಾ? ಇಂಥವನ್ನು ಸಂಗ್ರಹಿಸಬಹುದಾ? ಕಪ್ಪಾಗಿದೆ, ಬೆಳಗಲೇ?

ಉತ್ತರ: ಬೆಳಗಬೇಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಪೂಜೆಯ ಚೊಂಬಿಗೆ ಹುಣಸೆಹಣ್ಣು ಸರಿ, ನಾಣ್ಯಕ್ಕಲ್ಲ. ಒಂದು ಸಲ ಉಜ್ಜಿದರೆ ನೂರೈವತ್ತು ವರ್ಷದ ಬಣ್ಣ ಹೋಯಿತು, ಬೆಲೆಯೂ ಹೋಯಿತು.

ಇನ್ನು ನಕಲಿಯಾ ಅನ್ನೋದು. ರೀಸ್ಟ್ರೈಕ್ ಅಂದರೆ ಮರುಅಚ್ಚು, ಹಳೇ ಅಚ್ಚುಗಳಿಂದ ವರ್ಷಗಳಾದ ಮೇಲೆ ಮತ್ತೆ ಒತ್ತಿದ ನಾಣ್ಯ. ಅಮೆರಿಕದಲ್ಲಿ ದೊಡ್ಡ ಸೆಂಟ್, ಅಂದರೆ ದೊಡ್ಡ ಗಾತ್ರದ ತಾಮ್ರದ ಒಂದು ಸೆಂಟ್ ನಾಣ್ಯ, 1857ರಲ್ಲಿ ನಿಂತುಹೋಯಿತು. ಹೋದ ಮೇಲೆ ಜನಕ್ಕೆ ಅದರ ಮೇಲೆ ಆಸೆ ಹುಟ್ಟಿತು. ಪ್ರತಿ ವರ್ಷದ್ದೂ ಒಂದೊಂದು ಬೇಕು. ಆದರೆ 1804ರದ್ದು ಸಿಗೋದೇ ಕಷ್ಟ. ಅಷ್ಟರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯ ಹಳೇ ಅಚ್ಚುಗಳು ಗುಜರಿಗೆ ಹೋಗಿ ಖಾಸಗಿಯವರ ಕೈ ಸೇರಿದ್ದವು. 1860ರ ಆಸುಪಾಸಿನಲ್ಲಿ ಯಾರೋ 1803ರ ಅಚ್ಚಿನ 3 ಅನ್ನು 4 ಆಗಿ ತಿದ್ದಿದರು. ಹಿಂಬದಿಗೆ ಸಿಕ್ಕಿದ್ದು 1820ರ ಅಚ್ಚು. ಎರಡನ್ನೂ ಜೋಡಿಸಿ ಒತ್ತಿದರು.

ಹಾಗಾಗಿ ಇದು ಸರ್ಕಾರದ ನಾಣ್ಯ ಅಲ್ಲ. ಹಾಗಂತ ನಿನ್ನೆ ಮೊನ್ನೆ ಎರಕ ಹೊಯ್ದ ಕಳ್ಳ ಮಾಲೂ ಅಲ್ಲ. ಇದಕ್ಕೆ ಇದರದ್ದೇ ಕಥೆ ಇದೆ, ನನಗೆ ತುಂಬ ಇಷ್ಟವಾದ ಕಥೆ.

ನಾಣ್ಯವನ್ನು ತಿರುಗಿಸಿ ನೋಡಿ. ಅಸಲಿ 1804ರ ಸೆಂಟಿನಲ್ಲಿ ಎಲೆಹಾರದ ಕೆಳಗೆ, ರಿಬ್ಬನ್ ಗಂಟಿನ ಅಡಿಯಲ್ಲಿ 1/100 ಅಂತ ಇರುತ್ತದೆ. ನಿಮ್ಮದರಲ್ಲಿ ಅದು ಇರಬಾರದು, ಯಾಕೆಂದರೆ 1820ರ ಅಚ್ಚಿನಲ್ಲಿ ಅದಿಲ್ಲ. ಆಮೇಲೆ ಭೂತಗನ್ನಡಿ ಹಿಡಿದು ಮೇಲ್ಮೈ ನೋಡಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದಿರುತ್ತವೆ. ಅಚ್ಚಿಗೆ ತುಕ್ಕು ಹಿಡಿದರೆ ಅಚ್ಚಿನಲ್ಲಿ ಗುಳಿ ಬೀಳುತ್ತದೆ, ಆ ಗುಳಿಯೊಳಗೆ ತಾಮ್ರ ನುಗ್ಗಿ ನಾಣ್ಯದ ಮೇಲೆ ಉಬ್ಬಾಗುತ್ತದೆ. ನಾಣ್ಯವೇ ಕಿಲುಬು ಹಿಡಿದು ಕೆಟ್ಟಿದ್ದರೆ ಉಬ್ಬಲ್ಲ, ಗುಳಿ ಕಾಣುತ್ತದೆ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯೋಲ್ಲ.

ಮುಂದೆ 1823ರ ಸೆಂಟಿನ ಮರುಅಚ್ಚನ್ನು ಹುಡುಕಿ. ಅದರ ಹಿಂಬದಿ 1813ರ ಅಚ್ಚಿನದು. ಮುಂಬದಿಯ ಅಚ್ಚು ಬಿರುಕು ಬಿಟ್ಟಿದ್ದರಿಂದ ಹೆಚ್ಚಿನವುಗಳಲ್ಲಿ ಉಬ್ಬಿದ ಗೆರೆ ಕಾಣುತ್ತದೆ. 1811ರ ಅರ್ಧ ಸೆಂಟಿನ ಮರುಅಚ್ಚು ಮಾತ್ರ ಸುಮಾರು ಹನ್ನೆರಡೇ ಗೊತ್ತಿರೋದು, ಆ ಆಸೆ ಸದ್ಯಕ್ಕೆ ಬಿಡಿ. ಈ ಎರಡರ ಜೊತೆ ಫಿಲಡೆಲ್ಫಿಯಾದ ಸಂಗೀತ ವಾದ್ಯ ತಯಾರಕ ಜೋಸೆಫ್ ಮಿಕ್ಲಿ ಹೆಸರು ಕೇಳಿಬರುತ್ತದೆ. ಹುಟ್ಟಿದ ವರ್ಷದ, ಅಂದರೆ 1799ರ ಸೆಂಟ್ ಹುಡುಕುತ್ತಾ ಸಂಗ್ರಹ ಶುರುಮಾಡಿದವರು ಅವರು. 1878ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಸಾಮಾನಿನಲ್ಲಿದ್ದ ಟಂಕಸಾಲೆಯ ಅಚ್ಚುಗಳನ್ನು ಸರ್ಕಾರ ವಶಪಡಿಸಿಕೊಂಡಿತು.

ಕೊಳ್ಳುವಾಗ ರಸೀದಿಯಲ್ಲಿ ‘ರೀಸ್ಟ್ರೈಕ್’ ಅಂತ ಬರೆಸಿಕೊಳ್ಳಿ. ಮಾರುವಾಗ ನೀವೂ ಹಾಗೇ ಬರೆದುಕೊಡಿ. ಮೆತ್ತಗಿನ ಪಿವಿಸಿ ಕವರಿನಲ್ಲಿ ಮಾತ್ರ ಇಡಬೇಡಿ, ತಾಮ್ರಕ್ಕೆ ಹಸಿರು ಜಿಗುಟು ಹತ್ತುತ್ತದೆ. ಹತ್ತಿ ಬಟ್ಟೆಯ ಪುಟ್ಟ ಚೀಲ ಸಾಕು.